ಕೊಡಗಿನ ಹಸುರು ಮೇಜುಗಳು

ಆಷಾಢದ ಮಳೆ ಮಡಿಕೇರಿಯನ್ನು ಹಿಡಿದುಕೊಂಡಿತೆಂದರೆ ಮೈದಾನದ ಆಟಗಳೆಲ್ಲ ಮೂಲೆ ಸೇರುತ್ತವೆ. ಹಾಕಿ ಕೋಲುಗಳು ಗೋಡೆಗೆ ಒರಗುತ್ತವೆ. ಟೆನಿಸ್ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಆಗ ಊರಿನ ತರುಣರಿಗೆ ಉಳಿಯುವುದು ಸೂರಿನ ಕೆಳಗಿನ ಆಟ. ಪೇಟೆಯ ಯಾವುದೋ ಅಂಗಡಿಯ ಮೇಲ್ಮಾಳಿಗೆ; ಅದಕ್ಕೆ ಕಿರಿದಾದ ಮೆಟ್ಟಿಲು; ಮೆಟ್ಟಿಲ ಬುಡದಲ್ಲಿ ನೀರು ಸುರಿಸುತ್ತ ನಿಂತ ಕೊಡೆಗಳ ಗುಂಪು; ಮೇಲೆ ತೂಗುದೀಪದ ಕೆಳಗೆ ಹಸುರು ಬಟ್ಟೆ ಹೊದ್ದ ಮೇಜು; ಚೆಂಡಿಗೆ ಚೆಂಡು ತಾಗುವ ಟಕ್ಕೆಂಬ ಸದ್ದು. ಇದೇ ಪೂಲ್ ಪಾರ್ಲರ್. ಕೊಡಗಿನ ಪೇಟೆಗಳ ತರುಣರಿಗೆ ಈ ಮಾತು ಈಗ ಕಾಫಿ ಹೋಟೆಲಿನಷ್ಟೇ ಪರಿಚಿತ.

ಅಲ್ಲಿ ಸೇರುವ ಹುಡುಗರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಆಟಗಾರರ ಗುಣದೋಷಗಳಿಗಿಂತ ಹೆಚ್ಚಾಗಿ ಅವರು ಚರ್ಚಿಸುವುದು ಮೇಜುಗಳ ಗುಣದೋಷಗಳನ್ನು. ಒಂದು ಮೇಜಿನಲ್ಲಿ ಚೆಂಡು ಎಡಕ್ಕೆ ಎಳೆಯುತ್ತದೆ. ಇನ್ನೊಂದರ ಅಂಚಿನಲ್ಲಿ ಜೀವವಿಲ್ಲ. ಮತ್ತೊಂದರ ಬಟ್ಟೆ ಮಳೆಗಾಲದಲ್ಲಿ ಕಂಬಳಿಯಂತಾಗುತ್ತದೆ. “ಅಲ್ಲಿ ಗೆದ್ದದ್ದು ಗೆಲುವಲ್ಲ ಮಾರಾಯ, ಆ ಮೇಜು ನಿನ್ನ ಕಡೆಗಿತ್ತು” ಎಂಬ ಕೊಂಕು ಮಾತಿಗೆ ಅಲ್ಲಿ ಬರವಿಲ್ಲ. ಹೊರಗಿನವರಿಗೆ ಇದು ಸೋತವರ ನೆಪದಂತೆ ಕಾಣಬಹುದು. ಆದರೆ ಸಂಗತಿ ಅಷ್ಟು ಹಗುರಾದದ್ದಲ್ಲ. ವೀಣೆ ಕಲಿಯುವ ಬಾಲಕಿಗೆ ಶ್ರುತಿ ನಿಲ್ಲದ ವೀಣೆಯನ್ನು ಕೊಟ್ಟರೆ ಅವಳ ಕಿವಿಯೇ ಕೆಡುವಂತೆ, ಮಟ್ಟವಿಲ್ಲದ ಮೇಜಿನ ಮೇಲೆ ಕಲಿತ ಹುಡುಗನ ಕೈಯೂ ಕಣ್ಣೂ ಕೆಡುತ್ತವೆ. ಒಂದು ಊರಿನ ಮೇಜುಗಳು ಹೇಗಿವೆ ಎಂಬುದರ ಮೇಲೆ ಆ ಊರಿನ ಆಟ ಎಷ್ಟು ದೂರ ಹೋಗಬಹುದೆಂಬುದೂ ನಿರ್ಧಾರವಾಗುತ್ತದೆ.

ಮೇಜೆಂದರೆ ಬರಿಯ ಮೇಜಲ್ಲ

ಹಸುರು ಬಟ್ಟೆಯ ಕೆಳಗೆ ಏನಿದೆಯೆಂಬುದು ಆಡುವವರಲ್ಲಿಯೂ ಹಲವರಿಗೆ ತಿಳಿಯದು. ಸ್ನೂಕರ್ ಹಾಗೂ ಬಿಲಿಯರ್ಡ್ಸ್ ಆಡುವ ಪೂರ್ಣ ಅಳತೆಯ ಮೇಜನ್ನು ವಾಡಿಕೆಯಲ್ಲಿ 12 ಅಡಿ ಉದ್ದ, 6 ಅಡಿ ಅಗಲದ್ದೆನ್ನುತ್ತಾರೆ. ಚೆಂಡು ಓಡಾಡುವ ಅಂಗಳದ ಅಳತೆ ಸರಿಯಾಗಿ 11 ಅಡಿ 8½ ಅಂಗುಲ ಉದ್ದ, 5 ಅಡಿ 10 ಅಂಗುಲ ಅಗಲ. ಪೇಟೆಯ ಪಾರ್ಲರುಗಳಲ್ಲಿ ಹೆಚ್ಚಾಗಿ ಕಾಣುವ ಪೂಲ್ ಮೇಜು ಇದಕ್ಕಿಂತ ಚಿಕ್ಕದು; 7, 8 ಅಥವಾ 9 ಅಡಿ ಉದ್ದದ್ದು. ಅದರ ಚೆಂಡು ಮಾತ್ರ ದೊಡ್ಡದು. ಸ್ನೂಕರ್ ಚೆಂಡಿನ ವ್ಯಾಸ 52.5 ಮಿಲಿಮೀಟರ್ ಆದರೆ ಅಮೆರಿಕದ ಪೂಲ್ ಚೆಂಡಿನದು 57 ಮಿಲಿಮೀಟರಿಗೂ ತುಸು ಹೆಚ್ಚು.

ಒಳ್ಳೆಯ ಮೇಜಿನ ಹಾಸು ಮರದ್ದಲ್ಲ, ಕಲ್ಲಿನದು. ಹಿಂದೆ ಶಾಲೆಯ ಮಕ್ಕಳು ಬರೆಯುತ್ತಿದ್ದ ಸ್ಲೇಟಿನ ಜಾತಿಯದೇ ಕಲ್ಲು. ಲಂಡನ್ನಿನ ಜಾನ್ ಥರ್ಸ್ಟನ್ ಎಂಬ ಮೇಜು ತಯಾರಕನು 1826ರ ಸುಮಾರಿಗೆ ಮರದ ಹಾಸನ್ನು ಬಿಟ್ಟು ಸ್ಲೇಟನ್ನು ಬಳಸಿದನು. ಮರ ಬಾಗುತ್ತದೆ, ಬಿರಿಯುತ್ತದೆ, ನೀರು ಕುಡಿದು ಉಬ್ಬುತ್ತದೆ. ಸ್ಲೇಟಿಗೆ ಈ ಚಾಂಚಲ್ಯವಿಲ್ಲ. ಪೂರ್ಣ ಅಳತೆಯ ಮೇಜಿನಲ್ಲಿ ಸುಮಾರು ಎರಡು ಅಂಗುಲ ದಪ್ಪದ ಐದು ಸ್ಲೇಟು ಚಪ್ಪಡಿಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸುತ್ತಾರೆ. ಎಂಟು ಕಾಲುಗಳ ಮೇಲೆ ನಿಲ್ಲುವ ಇದರ ಭಾರ ಒಂದು ಟನ್ನಿಗೂ ಮೇಲು. ರಸಮಟ್ಟ ಇಟ್ಟು, ಕಾಲುಗಳನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ, ಚಪ್ಪಡಿಗಳ ಕೂಡು ಬೆರಳಿಗೆ ತಿಳಿಯದಂತೆ ಸಮಮಾಡಿದ ಮೇಲೆಯೇ ಬಟ್ಟೆ ಹೊದಿಸುವುದು.

ಆ ಬಟ್ಟೆಯಾದರೂ ಸಾಮಾನ್ಯದ್ದಲ್ಲ. ನಮ್ಮ ಹಿರಿಯರು ಬನಾತು ಎಂದು ಕರೆಯುತ್ತಿದ್ದ ಉಣ್ಣೆಯ ಬಟ್ಟೆಯ ಜಾತಿ ಅದು. ಸ್ನೂಕರ್ ಮೇಜಿನ ಬನಾತಿಗೆ ಒಂದೇ ದಿಕ್ಕಿಗೆ ಮಲಗಿದ ನವುರಾದ ರೋಮವಿರುತ್ತದೆ. ಬೆಕ್ಕಿನ ಬೆನ್ನನ್ನು ಸವರಿದಂತೆ, ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ತಡೆ. ಪೂಲ್ ಮೇಜಿನ ಬಟ್ಟೆಗೆ ಸಾಮಾನ್ಯವಾಗಿ ಈ ರೋಮವಿಲ್ಲ. ಆದ್ದರಿಂದ ಅಲ್ಲಿ ಚೆಂಡಿನ ಓಟ ಹೆಚ್ಚು. ಇನ್ನು ಮೇಜಿನ ಸುತ್ತ ಇರುವ ಕುಶನ್ ರಬ್ಬರಿನದು. ಆರಂಭಕಾಲದ ರಬ್ಬರ್ ಚಳಿಗೆ ಕಲ್ಲಿನಂತಾಗುತ್ತಿದ್ದುದರಿಂದ ಅದನ್ನು ಬಿಸಿನೀರಿನ ಪಾತ್ರೆಗಳಿಂದ ಕಾಯಿಸಿ ಆಡುತ್ತಿದ್ದರಂತೆ. ಗಂಧಕ ಸೇರಿಸಿ ಹದಮಾಡಿದ ರಬ್ಬರ್ 1845ರ ಹೊತ್ತಿಗೆ ಬಂದ ಮೇಲೆ ಆ ತಾಪತ್ರಯ ತಪ್ಪಿತು.

ಚೆಂಡಿನ ಕಥೆಯಂತೂ ಆನೆಯ ನಾಡಾದ ಕೊಡಗಿನವರು ಕೇಳಲೇಬೇಕಾದದ್ದು. ಹಿಂದೆ ಒಳ್ಳೆಯ ಚೆಂಡೆಂದರೆ ದಂತದ ಚೆಂಡು. ಒಂದು ದಂತದಿಂದ ಉತ್ತಮ ಚೆಂಡುಗಳು ಬೆರಳೆಣಿಕೆಯಷ್ಟು ಮಾತ್ರ ದೊರೆಯುತ್ತಿದ್ದುವು. ಶ್ರೀಮಂತರ ಒಂದು ಸಂಜೆಯ ವಿನೋದಕ್ಕಾಗಿ ಕಾಡಿನಲ್ಲಿ ಎಷ್ಟು ಆನೆಗಳು ಉರುಳಿದುವೋ! 1863ರಲ್ಲಿ ಅಮೆರಿಕದ ಮೇಜು ತಯಾರಕರೊಬ್ಬರು ದಂತಕ್ಕೆ ಬದಲಿ ವಸ್ತುವನ್ನು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಸಾರಿದರು. ಆ ಆಸೆಯಿಂದ ಪ್ರಯೋಗಕ್ಕಿಳಿದ ಜಾನ್ ವೆಸ್ಲಿ ಹಯಾಟ್ ಎಂಬಾತನು ಸೆಲ್ಯುಲಾಯ್ಡನ್ನು ರೂಪಿಸಿದನು. ಇಂದು ಉತ್ತಮ ಚೆಂಡುಗಳು ಫಿನಾಲಿಕ್ ರಾಳದಿಂದ ತಯಾರಾಗುತ್ತವೆ; ಬೆಲ್ಜಿಯಂ ದೇಶದ ಚೆಂಡುಗಳಿಗೆ ಪ್ರಪಂಚದಾದ್ಯಂತ ಹೆಸರಿದೆ. ಅಗ್ಗದ ಚೆಂಡುಗಳು ಬೇಗ ಸವೆದು ಗುಂಡುತನ ಕಳೆದುಕೊಳ್ಳುತ್ತವೆ.

ಹಾಸು, ಮಟ್ಟ, ಬಟ್ಟೆ, ಕುಶನ್, ಚೆಂಡು – ಮೇಜಿನ ಯೋಗ್ಯತೆಯನ್ನು ಅಳೆಯುವ ಪಂಚಾಂಗಗಳು ಇವು. ಹೊರಗಿನ ಕೆತ್ತನೆಗೂ ಮೆರುಗೆಣ್ಣೆಗೂ ಇದರಲ್ಲಿ ಪಾಲಿಲ್ಲ.

ಬೆಟ್ಟ ಹತ್ತಿ ಬಂದ ಆಟ

ಇಷ್ಟು ಭಾರದ, ಇಷ್ಟು ನಾಜೂಕಿನ ವಸ್ತು ಈ ಬೆಟ್ಟದ ನಾಡಿಗೆ ಬಂದುದಾದರೂ ಹೇಗೆ? ಅದು ಬಂದದ್ದು ಕಾಫಿಯ ಬೆನ್ನು ಹಿಡಿದು. 1834ರಲ್ಲಿ ಚಿಕ್ಕವೀರರಾಜೇಂದ್ರನ ಆಳ್ವಿಕೆ ಕೊನೆಗೊಂಡು ಕೊಡಗು ಆಂಗ್ಲರ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಐರೋಪ್ಯನು ಕಾಫಿ ತೋಟ ತೆರೆದನು. ಅವನ ಹಿಂದೆ ಇತರರು ಬಂದರು. ಕಾಡಿನ ನಡುವೆ ಮೈಲಿಗೊಂದರಂತೆ ಹರಡಿದ ಬಂಗಲೆಗಳಲ್ಲಿ ಒಂಟಿಯಾಗಿದ್ದ ಈ ಜನಕ್ಕೆ ವಾರಕ್ಕೊಮ್ಮೆಯಾದರೂ ತಮ್ಮವರ ಮುಖ ನೋಡುವ ತವಕ. ಹಾಗಾಗಿ ತೋಟಗಾರರ ಕ್ಲಬ್ಬುಗಳು ಹುಟ್ಟಿದುವು. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ ಆ ಕಾಲವನ್ನು ಇಂದಿಗೂ ನೆನಪಿಸುವ ಹೆಸರು. ದಕ್ಷಿಣ ಭಾರತದ ಬೆಟ್ಟದ ಕ್ಲಬ್ಬುಗಳ ವ್ಯವಸ್ಥೆ ಹೆಚ್ಚುಕಡಮೆ ಒಂದೇ ಬಗೆಯದು: ಪಾನಗೃಹ, ಇಸ್ಪೀಟಿನ ಕೋಣೆ, ಟೆನಿಸ್ ಅಂಗಳ, ಗೋಡೆಯಲ್ಲಿ ಬೇಟೆಯ ತಲೆಗಳು, ಮತ್ತು ನಡುಮನೆಯಂಥ ಒಂದು ಬಿಲಿಯರ್ಡ್ಸ್ ಕೋಣೆ. ಕಾಲುದಾರಿಯಷ್ಟೇ ಇದ್ದ ಬೆಟ್ಟಗಳಿಗೆ ಸ್ಲೇಟಿನ ಚಪ್ಪಡಿಗಳನ್ನು ಎತ್ತಿನ ಗಾಡಿಯ ಕಾಲದಲ್ಲಿ ಸಾಗಿಸಬೇಕಾದರೆ ಪಟ್ಟ ಪಾಡು ಎಷ್ಟಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಸ್ವಾರಸ್ಯವೇನೆಂದರೆ, ಇಂದು ಜಗತ್ತೆಲ್ಲ ಆಡುವ ಸ್ನೂಕರ್ ಆಟ ಇಂಗ್ಲೆಂಡಿನಿಂದ ನಮಗೆ ಬಂದದ್ದಲ್ಲ. ಭಾರತದಿಂದ ಅಲ್ಲಿಗೆ ಹೋದದ್ದು. 1875ರ ಮಳೆಗಾಲದಲ್ಲಿ ಜಬಲ್ಪುರದ ಸೈನ್ಯದ ಶಿಬಿರದಲ್ಲಿ ಹೊತ್ತು ಹೋಗದೆ ಕುಳಿತಿದ್ದ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ, ಕೆಂಪು ಚೆಂಡುಗಳ ಹಳೆಯ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದನೆಂದು ಪ್ರಸಿದ್ಧಿ. ಸೈನಿಕ ಶಾಲೆಯ ಹೊಸ ವಿದ್ಯಾರ್ಥಿಗಳನ್ನು ಹಂಗಿಸುವ ಹೆಸರೇ ‘ಸ್ನೂಕರ್’. ಗುರಿ ತಪ್ಪಿದ ಗೆಳೆಯನನ್ನು ಆತ ಹಾಗೆ ಕರೆದನಂತೆ; ಹೆಸರು ಆಟಕ್ಕೇ ಅಂಟಿಕೊಂಡಿತು. ಆ ಆಟದ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದ್ದು 1882ರಲ್ಲಿ, ಉದಕಮಂಡಲದ ಕ್ಲಬ್ಬಿನಲ್ಲಿ. ನೀಲಗಿರಿ ಕೊಡಗಿಗೆ ದೂರದ ನಾಡೇನೂ ಅಲ್ಲ. ಅದೇ ಪಶ್ಚಿಮ ಘಟ್ಟದ ಸಾಲು, ಅದೇ ಮಂಜು, ಅದೇ ಮಳೆ. ಮಳೆಗಾಲದ ಬೇಸರದಿಂದ ಹುಟ್ಟಿ ಮಳೆಯ ಬೆಟ್ಟದಲ್ಲಿ ನಾಮಕರಣ ಹೊಂದಿದ ಆಟ ಕೊಡಗಿನಲ್ಲಿ ಬೇರೂರಿದುದು ಸಹಜವೇ ಸರಿ.

ಮಳೆಯೆಂಬ ಎದುರಾಳಿ

ಆದರೆ ಯಾವ ಮಳೆ ಈ ಆಟಕ್ಕೆ ಜನ್ಮ ಕೊಟ್ಟಿತೋ ಅದೇ ಮಳೆ ಆಟದ ಮೇಜಿಗೆ ಶತ್ರು. ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿರುವ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ. ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಪೂರ್ವಕ್ಕೆ ಇಳಿದು ಕುಶಾಲನಗರಕ್ಕೆ ಬಂದರೆ ಬಹಳ ಕಡಮೆ. ಕಕ್ಕಡ ಮಾಸದಲ್ಲಿ ಕೊಡಗಿನ ಮನೆಗಳ ಪಾಡನ್ನು ಬಲ್ಲವರಿಗೆ ವಿವರಣೆ ಬೇಕಿಲ್ಲ. ಪೆಟ್ಟಿಗೆಯೊಳಗಿನ ರೇಷ್ಮೆಗೆ ಬೂಷ್ಟು, ಪಾದರಕ್ಷೆಗೆ ಬೂಷ್ಟು, ಪುಸ್ತಕದ ರಟ್ಟಿಗೆ ಬೂಷ್ಟು. ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದರೂ ಹಸಿಯ ವಾಸನೆ ಬಿಡದು.

ಅಂಥ ತೇವ ಮೇಜಿನ ಬನಾತನ್ನು ಬಿಟ್ಟೀತೆ? ಉಣ್ಣೆ ಗಾಳಿಯೊಳಗಿನ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರು ಕುಡಿದ ಬಟ್ಟೆ ಭಾರವಾಗಿ ಚೆಂಡನ್ನು ಹಿಡಿದಿಡುತ್ತದೆ. ಬೇಸಗೆಯಲ್ಲಿ ಮೇಜಿನ ಉದ್ದವನ್ನು ಸರಾಗವಾಗಿ ದಾಟುತ್ತಿದ್ದ ಮೃದುವಾದ ಹೊಡೆತ ಆಷಾಢದಲ್ಲಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಚೆಂಡು ಕುಶನ್ನಿಗೆ ಬಡಿದು ತಿರುಗುವ ಕೋನವೂ ಬದಲಾಗುತ್ತದೆ. ಹಾಸು ಸ್ಲೇಟಿನದಲ್ಲದೆ ಹಲಗೆಯದೋ ಒತ್ತಿದ ಮರದ ಪುಡಿಯದೋ ಆಗಿದ್ದರೆ ಕೇಡು ಇಮ್ಮಡಿ. ಒಂದೆರಡು ಮಳೆಗಾಲ ಕಳೆಯುವುದರೊಳಗಾಗಿ ಹಾಸಿನಲ್ಲಿ ಅಲೆ ಏಳುತ್ತದೆ, ಆಮೇಲೆ ಎಷ್ಟು ರಸಮಟ್ಟ ಇಟ್ಟರೂ ಪ್ರಯೋಜನವಿಲ್ಲ. ಕೋಲಿನ ತುದಿಯ ಚರ್ಮ ಮೆತ್ತಗಾಗುತ್ತದೆ. ನೇರವಾಗಿದ್ದ ಕೋಲೇ ಬಾಗುತ್ತದೆ.

ದೊಡ್ಡ ಪಂದ್ಯಗಳಲ್ಲಿ ಇದಕ್ಕೆ ಪರಿಹಾರವಾಗಿ ಸ್ಲೇಟಿನ ಅಡಿಯಲ್ಲಿ ವಿದ್ಯುತ್ತಿನಿಂದ ಹದವಾಗಿ ಕಾಯಿಸುವ ಏರ್ಪಾಡು ಉಂಟು. ಬೆಚ್ಚಗಿನ ಕಲ್ಲು ಬಟ್ಟೆಯನ್ನು ಸದಾ ಒಣಗಿಸಿಡುತ್ತದೆ. ಗಾಳಿಗೆ ಮರ ಬಿದ್ದು ದಿನಗಟ್ಟಲೆ ದೀಪವೇ ಇಲ್ಲದಂತಾಗುವ ಊರುಗಳಲ್ಲಿ ಈ ವೈಭವವನ್ನು ಎಲ್ಲಿಂದ ತರುವುದು? ಆದ್ದರಿಂದ ಕೊಡಗಿನಲ್ಲಿ ಮೇಜನ್ನು ಕಾಯುವುದು ಯಂತ್ರದ ಕೆಲಸವಾಗದೆ ಮನುಷ್ಯನ ಕೆಲಸವಾಗಿಯೇ ಉಳಿದಿದೆ. ಪ್ರತಿದಿನ ಆಟಕ್ಕೆ ಮುಂಚೆ ರೋಮ ಮಲಗಿದ ದಿಕ್ಕಿನಲ್ಲಿಯೇ ಕುಂಚದಿಂದ ಗುಡಿಸುವುದು, ಅದೇ ದಿಕ್ಕಿನಲ್ಲಿ ಹದವಾದ ಬಿಸಿಯ ಇಸ್ತ್ರಿ ಎಳೆಯುವುದು, ಆಟ ಮುಗಿದೊಡನೆ ಮುಸುಕು ಹೊದಿಸುವುದು, ಕಿಟಕಿಯನ್ನು ಮಂಜು ನುಗ್ಗದಂತೆ ಮುಚ್ಚುವುದು – ಈ ನಿತ್ಯಕರ್ಮ ತಪ್ಪಿದ ಮೇಜು ಎಷ್ಟೇ ಬೆಲೆಯದಾಗಿರಲಿ, ಒಂದು ಮಳೆಗಾಲಕ್ಕೆ ಕೆಡುತ್ತದೆ.

ಮೂರು ಬಗೆಯ ಮೇಜುಗಳು

ಇಷ್ಟನ್ನು ತಿಳಿದು ನೋಡಿದರೆ ಜಿಲ್ಲೆಯ ಮೇಜುಗಳನ್ನು ಸ್ಥೂಲವಾಗಿ ಮೂರು ವರ್ಗ ಮಾಡಬಹುದು.

ಮೊದಲನೆಯದು ಕ್ಲಬ್ಬಿನ ಮೇಜು. ಪೂರ್ಣ ಅಳತೆ, ದಪ್ಪ ಸ್ಲೇಟು, ಗಟ್ಟಿ ಮರದ ಕಾಲು. ನೆಲಮಾಳಿಗೆಯಿಲ್ಲದ ಗಟ್ಟಿನೆಲದ ಮೇಲೆ ನಿಂತಿರುವುದರಿಂದ ಮಟ್ಟ ಸುಲಭವಾಗಿ ಕದಲದು. ಅದರ ಮೇಲೆ ಆಡುವವರು ಕೆಲವರೇ ಆದ್ದರಿಂದ ಬಟ್ಟೆಯ ಸವೆತ ಕಡಮೆ. ಆದರೆ ಆಡುವವರು ಕಡಮೆಯಾದಂತೆ ಆರೈಕೆಯೂ ಕಡಮೆಯಾಗುವ ಅಪಾಯವುಂಟು. ಬಳಸದ ಕೋಣೆಗೆ ತೇವ ಬೇಗ ನುಗ್ಗುತ್ತದೆ. ಪೂರ್ವಿಕರ ಪೀಚೆಕತ್ತಿಯಂತೆ ಗೌರವದಿಂದ ಇಟ್ಟುಕೊಂಡರೂ ಒರಸಿ ಮಸೆಯದಿದ್ದರೆ ತುಕ್ಕು ಹಿಡಿಯುವುದು ತಪ್ಪದು.

ಎರಡನೆಯದು ಪೇಟೆಯ ಪಾರ್ಲರಿನ ಮೇಜು. ಗಂಟೆಗಿಷ್ಟು ಅಥವಾ ಆಟಕ್ಕಿಷ್ಟು ಎಂದು ಹಣ ತೆತ್ತು ಯಾರು ಬೇಕಾದರೂ ಆಡಬಹುದು. ಇದರ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕೈ ಬದಲಾಗುತ್ತಲೇ ಇರುತ್ತದೆ. ಹೊಸಬನ ಕೋಲಿನ ತುದಿ ಬಟ್ಟೆಯನ್ನು ಸೀಳುವುದು, ನೀಲಿ ಚಾಕಿನ ಪುಡಿ ರೋಮದೊಳಗೆ ಸೇರುವುದು, ಚಹದ ಲೋಟ ಅಂಚಿನ ಮೇಲೆ ಕೂರುವುದು ಇಲ್ಲಿ ದಿನದ ಮಾತು. ಬಟ್ಟೆ ಬದಲಿಸುವುದೆಂದರೆ ಮಾಲೀಕನಿಗೆ ದೊಡ್ಡ ಖರ್ಚು. ಬಲ್ಲ ಕೆಲಸಗಾರನನ್ನು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕರೆಸಬೇಕು. ಬಾಡಿಗೆ ಕಟ್ಟಿ, ವಿದ್ಯುತ್ತಿನ ಬಿಲ್ಲು ಕಟ್ಟಿ ಉಳಿದ ಹಣದಲ್ಲಿ ಇದು ಮುಂದಕ್ಕೆ ಹೋಗುತ್ತಲೇ ಇರುವುದು ಆಶ್ಚರ್ಯವಲ್ಲ. ಹಾಗೆಂದು ಎಲ್ಲ ಪಾರ್ಲರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮಾಲೀಕನೇ ಆಟದ ಹುಚ್ಚನಾಗಿದ್ದ ಕಡೆ ಚಿಕ್ಕ ಮೇಜೂ ಕನ್ನಡಿಯಂತಿರುತ್ತದೆ. ಬರಿಯ ಗಲ್ಲದ ಮೇಲೆ ಕಣ್ಣಿಟ್ಟ ಕಡೆ ದೊಡ್ಡ ಮೇಜೂ ಗದ್ದೆಯಂತಿರುತ್ತದೆ.

ಮೂರನೆಯದು ರೆಸಾರ್ಟು ಹಾಗೂ ಹೋಂಸ್ಟೇಗಳ ಮೇಜು. ಪ್ರವಾಸಿಗಳು ಹೆಚ್ಚಿದಂತೆ ಇವೂ ಹೆಚ್ಚಿವೆ. ಇವುಗಳಲ್ಲಿ ಕೆಲವು ನಿಜಕ್ಕೂ ಉತ್ತಮವಾದುವು. ಆದರೆ ಬಹಳ ಕಡೆ ಮೇಜಿನ ಸ್ಥಾನ ಪಡಸಾಲೆಯ ಹೂದಾನಿಯ ಸ್ಥಾನಕ್ಕಿಂತ ಹೆಚ್ಚಲ್ಲ. ನೋಟ ಚೆನ್ನಾಗಿರಲೆಂದು ಅದನ್ನು ತೆರೆದ ಜಗಲಿಯಲ್ಲಿಡುತ್ತಾರೆ. ಎದುರಿಗೆ ಬೆಟ್ಟ, ಮಂಜು, ಕಾಫಿಯ ಹೂವು – ಕಣ್ಣಿಗೆ ಹಬ್ಬವೇನೋ ಸರಿ. ಆದರೆ ಜಗಲಿಗೆ ಬೀಸುವ ಎರಚಲು ಬನಾತಿಗೆ ಯಮ. ವಾರಾಂತ್ಯಕ್ಕೆ ಬಂದ ಮಕ್ಕಳು ಚೆಂಡನ್ನು ಕೈಯಿಂದ ಉರುಳಿಸಿ ಆಡಿ ಹೋಗುತ್ತಾರೆ. ಯಾರೂ ದೂರುವುದಿಲ್ಲ, ಯಾರೂ ರಿಪೇರಿ ಮಾಡಿಸುವುದೂ ಇಲ್ಲ.

ಹೋಲಿಕೆಯಿಂದ ಹೊರಡುವ ಮಾತು ಒಂದು: ಕೊಡಗಿನಲ್ಲಿ ಒಳ್ಳೆಯ ಮೇಜಿನ ಬಾಗಿಲು ಮುಚ್ಚಿದೆ, ತೆರೆದ ಬಾಗಿಲಿನ ಮೇಜು ಕೆಟ್ಟಿದೆ. ಎರಡೂ ಒಂದೆಡೆ ಕೂಡುವುದು ಅಪರೂಪ.

ಮೇಜನ್ನು ಪರೀಕ್ಷಿಸುವ ಬಗೆ

ಮಕ್ಕಳನ್ನು ಆಟಕ್ಕೆ ಕಳುಹಿಸುವ ತಂದೆತಾಯಿಗಳಿಗೂ, ತಾವೇ ಕೋಲು ಹಿಡಿಯಬಯಸುವವರಿಗೂ ಮೇಜನ್ನು ಪರೀಕ್ಷಿಸುವ ಕೆಲವು ಸುಲಭೋಪಾಯಗಳು ತಿಳಿದಿರುವುದು ಲೇಸು. ಇದಕ್ಕೆ ಯಾವ ಸಲಕರಣೆಯೂ ಬೇಕಿಲ್ಲ.

ಮೊದಲು ಬಿಳಿಯ ಚೆಂಡನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಅಲ್ಲಿ ತಲಪಿ ನಿಲ್ಲುವಷ್ಟೇ ಮೆಲ್ಲಗೆ ಉರುಳಿಸಬೇಕು. ಮೇಜಿನ ಓರೆ ಹೊರಬೀಳುವುದು ನಿಲ್ಲುವ ಮುನ್ನಿನ ಕೊನೆಯ ಗೇಣಿನಲ್ಲಿ. ವೇಗದ ಚೆಂಡು ಓರೆಯನ್ನು ಮರೆಸುತ್ತದೆ. ನಿಧಾನದ ಚೆಂಡು ಬಯಲುಮಾಡುತ್ತದೆ. ಅಡ್ಡಡ್ಡಲಾಗಿಯೂ ಹಾಗೆಯೇ ಉರುಳಿಸಿ ನೋಡಬೇಕು. ಎರಡನೆಯದಾಗಿ, ಉದ್ದನೆಯ ಕುಶನ್ನಿನ ಪಕ್ಕದಲ್ಲಿಯೇ ಒಂದು ಚೆಂಡನ್ನು ಮೆಲ್ಲಗೆ ಬಿಡಬೇಕು. ಅದು ಕುಶನ್ನನ್ನು ಬಿಟ್ಟು ಒಳಕ್ಕೆ ಸರಿದರೆ ಅಂಚು ಎತ್ತರವಾಗಿದೆ ಎಂದರ್ಥ. ಮೂರನೆಯದಾಗಿ, ಬಿರುಸಾಗಿ ಹೊಡೆದ ಚೆಂಡು ಪೂರ್ಣ ಅಳತೆಯ ಒಳ್ಳೆಯ ಮೇಜಿನಲ್ಲಿ ನಾಲ್ಕು ಬಾರಿಯಾದರೂ ಉದ್ದವನ್ನು ದಾಟಬೇಕು. ಕುಶನ್ನಿಗೆ ತಾಗಿದಾಗ ಮಂದವಾದ ‘ಧಡ್’ ಎಂಬ ಸದ್ದು ಬಂದರೆ ರಬ್ಬರ್ ಸತ್ತಿದೆಯೆಂದೋ ಮರದಿಂದ ಬಿಟ್ಟುಕೊಂಡಿದೆಯೆಂದೋ ತಿಳಿಯಬೇಕು. ನಾಲ್ಕನೆಯದಾಗಿ, ಅಂಗೈಯಿಂದ ಬಟ್ಟೆಯನ್ನು ಸವರಿ, ಚಪ್ಪಡಿಗಳ ಕೂಡು ಬೆರಳಿಗೆ ತಾಗುವುದೋ ನೋಡಬೇಕು. ಕೊನೆಯದಾಗಿ, ಚೆಂಡುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಬಿಳಿಯ ಚೆಂಡು ಸವೆದು ಚಿಕ್ಕದಾಗಿದೆಯೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ಪ್ರತಿ ಹೊಡೆತದ ಪೆಟ್ಟನ್ನೂ ತಿನ್ನುವುದು ಅದೇ ಆದ್ದರಿಂದ ಮೊದಲು ಸವೆಯುವುದೂ ಅದೇ.

ಮಾರ್ಕರನ ಕೈಗುಣ

ಮೇಜನ್ನು ಕಾಯುವವನು ಮನುಷ್ಯನೆಂದು ಮೇಲೆ ಹೇಳಿದೆಯಷ್ಟೆ. ಕ್ಲಬ್ಬುಗಳ ಭಾಷೆಯಲ್ಲಿ ಅವನ ಹೆಸರು ಮಾರ್ಕರ್. ಅಂಕಗಳನ್ನು ಗುರುತು ಹಾಕುವವನಾದ್ದರಿಂದ ಆ ಹೆಸರು ಬಂದಿತು. ಅವನ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಬಟ್ಟೆ ಗುಡಿಸುವುದು, ಇಸ್ತ್ರಿ ಎಳೆಯುವುದು, ಕೋಲಿಗೆ ತುದಿ ಅಂಟಿಸುವುದು, ಜೊತೆಗಾರ ಸಿಗದೆ ಒಂಟಿಯಾಗಿ ಬಂದ ಸದಸ್ಯನೊಡನೆ ಆಡುವುದು, ಹೊಸಬನಿಗೆ ಕೈ ಹಿಡಿದು ಕಲಿಸುವುದು – ಎಲ್ಲವೂ ಅವನ ಪಾಲಿನದೇ. ಯಾವ ಶಾಲೆಯಲ್ಲಿಯೂ ಕಲಿಸದ ಈ ವಿದ್ಯೆ ಹಿರಿಯ ಮಾರ್ಕರನಿಂದ ಕಿರಿಯನಿಗೆ ಬಂದದ್ದು. ಮೋಡ ಕವಿದ ದಿನ ಇಸ್ತ್ರಿ ಎಷ್ಟು ಬಿಸಿಯಿರಬೇಕು, ಯಾವ ಮೂಲೆಯಲ್ಲಿ ತೇವ ಮೊದಲು ಇಳಿಯುತ್ತದೆ ಎಂಬುದೆಲ್ಲ ಅವನ ಬೆರಳಿಗೆ ಗೊತ್ತು.

ಗೋಡೆಯ ಗೌರವ ಫಲಕಗಳಲ್ಲಿ ವರ್ಷವರ್ಷದ ವಿಜೇತ ಸದಸ್ಯರ ಹೆಸರುಗಳು ಬಂಗಾರದ ಅಕ್ಷರದಲ್ಲಿ ಮೆರೆಯುತ್ತವೆ. ಅವರಲ್ಲಿ ಹಲವರಿಗೆ ಆಟ ಕಲಿಸಿದ ಮಾರ್ಕರ್ ಸದಸ್ಯನಲ್ಲ, ನೌಕರ. ಆದ್ದರಿಂದ ಅವನ ಹೆಸರಿಗೆ ಅಲ್ಲಿ ಎಡೆಯಿಲ್ಲ. ಪೇಟೆಯ ಪಾರ್ಲರುಗಳಲ್ಲಿಯಂತೂ ಮಾರ್ಕರನೆಂಬ ಹುದ್ದೆಯೇ ಅಪರೂಪ. ಗಲ್ಲದ ಬಳಿ ಕುಳಿತ ಹುಡುಗನೊಬ್ಬ ಗಂಟೆ ನೋಡಿ ಹಣ ಎಣಿಸುತ್ತಾನೆ. ಮೇಜುಗಳ ಅವನತಿಗೆ ಮಳೆ ಎಷ್ಟು ಕಾರಣವೋ ಈ ಅಭಾವವೂ ಅಷ್ಟೇ ಕಾರಣ.

ತಂದೆತಾಯಿಗಳ ಶಂಕೆ

ಇನ್ನು ಮನೆಗಳ ಕಡೆಗೆ ಬರೋಣ. “ಮಗ ಕಾಲೇಜಿನಿಂದ ನೇರ ಮನೆಗೆ ಬರುವುದಿಲ್ಲ, ಪಾರ್ಲರಿಗೆ ಹೋಗುತ್ತಾನೆ” ಎಂಬ ತಾಯಂದಿರ ಕೊರಗು ಕೊಡಗಿಗೆ ಮಾತ್ರ ಸೀಮಿತವಾದದ್ದಲ್ಲ. ಪಾರ್ಲರ್ ಎಂದೊಡನೆ ಸಿಗರೇಟಿನ ಹೊಗೆ, ಪಣದ ಹಣ, ಕೆಟ್ಟ ಸಹವಾಸ ಎಂಬ ಚಿತ್ರ ಹಿರಿಯರ ಮನಸ್ಸಿನಲ್ಲಿ ಮೂಡುವುದುಂಟು. ಆ ಶಂಕೆಯಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಕೆಲವು ಕಡೆ ಸೋತವನು ಮೇಜಿನ ಬಾಡಿಗೆ ತೆರಬೇಕೆಂಬ ವಾಡಿಕೆಯಿದೆ. ಅದು ಬೆಳೆದು ಪಣವಾಗುವುದಕ್ಕೆ ಹೆಚ್ಚು ದೂರವಿಲ್ಲ. ಹೆಣ್ಣುಮಕ್ಕಳಂತೂ ಆ ಮೆಟ್ಟಿಲು ಹತ್ತುವುದೇ ವಿರಳ.

ಆದರೆ ದೋಷವಿರುವುದು ಆಟದಲ್ಲಲ್ಲ, ಆಟದ ಸನ್ನಿವೇಶದಲ್ಲಿ. ಇದೇ ಆಟ ಕ್ಲಬ್ಬಿನ ಕೋಣೆಯಲ್ಲಿ ನಡೆದರೆ ಸಭ್ಯರ ವಿನೋದ, ಪೇಟೆಯ ಮಾಳಿಗೆಯಲ್ಲಿ ನಡೆದರೆ ಪುಂಡರ ಕಾಲಕ್ಷೇಪ ಎನ್ನುವ ತಾರತಮ್ಯ ನ್ಯಾಯವಾದದ್ದಲ್ಲ. ಚೆಂಡಿಗೆ ಆಡುವವನ ಅಂತಸ್ತು ತಿಳಿಯದು. ಕೋನ, ವೇಗ, ತಿರುಗುಗಳ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಿ, ಉಸಿರು ಬಿಗಿಹಿಡಿದು, ಕೈ ನಡುಗದಂತೆ ಹೊಡೆಯುವ ಏಕಾಗ್ರತೆ ಯಾರಿಗಾದರೂ ಭೂಷಣವೇ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಗೋಣಿಕೊಪ್ಪಲಿನ ಒಬ್ಬ ಹುಡುಗ, ಹದಿನಾಲ್ಕು ವಯಸ್ಸು, ಕಣ್ಣು ತೀಕ್ಷ್ಣ, ಕೈ ಸ್ಥಿರ. ಅವನು ಮೂರು ವರ್ಷ ಒಂದೇ ಓರೆ ಮೇಜಿನ ಮೇಲೆ ಕಲಿಯುತ್ತಾನೆ. ಚೆಂಡು ಎಡಕ್ಕೆ ಸರಿಯುವುದೆಂದು ಬಲ್ಲವನಾದ್ದರಿಂದ ಅವನು ಬಲಕ್ಕೆ ಗುರಿಯಿಡುವುದನ್ನು ರೂಢಿಸಿಕೊಳ್ಳುತ್ತಾನೆ. ಆ ಮೇಜಿನಲ್ಲಿ ಅವನನ್ನು ಸೋಲಿಸುವವರಿಲ್ಲ. ಒಂದು ದಿನ ಬೆಂಗಳೂರಿನ ಪಂದ್ಯಕ್ಕೆ ಹೋಗುತ್ತಾನೆ. ಅಲ್ಲಿ ಮೇಜು ಸರಿಯಾಗಿದೆ. ಚೆಂಡು ನೇರವಾಗಿ ಹೋಗುತ್ತದೆ. ಅವನು ಮೊದಲ ಸುತ್ತಿನಲ್ಲಿಯೇ ಸೋಲುತ್ತಾನೆ. ಪ್ರತಿಭೆಯಿಲ್ಲವೆಂದುಕೊಂಡು ಕೋಲನ್ನು ಮೂಲೆಗಿಡುತ್ತಾನೆ. ತನ್ನ ಕೈಗೆ ತಪ್ಪು ಕಲಿಸಿದ್ದು ಮೇಜೆಂದು ಅವನಿಗೆ ಹೇಳುವವರು ಯಾರು?

ಎರಡು ಪಾಠಗಳು

ಬಾಗಿಲು ತೆರೆದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಬಿಲಿಯರ್ಡ್ಸ್ ಆಟದಲ್ಲಿ ಭಾರತಕ್ಕೆ ಮೊದಲ ವಿಶ್ವಪ್ರಶಸ್ತಿ ತಂದ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ಗೆದ್ದು, 1964ರಲ್ಲಿ ಮತ್ತೊಮ್ಮೆ ಗೆದ್ದರು. ಆ ಪರಂಪರೆಯನ್ನು ಬೆಂಗಳೂರು ಮುಂದುವರಿಸಿತು. ಅಣ್ಣನು ಆಡುತ್ತಿದ್ದುದನ್ನು ನೋಡುತ್ತ ನೋಡುತ್ತ ಹತ್ತರ ವಯಸ್ಸಿನ ಸುಮಾರಿಗೆ ಕೋಲು ಹಿಡಿದ ಬಾಲಕನೊಬ್ಬ, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ ಸವೂರ್ ಅವರ ಶಿಷ್ಯನಾಗಿ, 2003ರಲ್ಲಿ ಚೀನದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವನಿಗೆ 18 ವರ್ಷ. ಆತನೇ ಪಂಕಜ್ ಆಡ್ವಾಣಿ. ಅನಂತರ ಅವರು ಗೆದ್ದ ವಿಶ್ವಪ್ರಶಸ್ತಿಗಳ ಸಂಖ್ಯೆ 25ನ್ನೂ ಮೀರಿತು. ತೋಟಗಾರಿಕೆ ಇಲಾಖೆಯ ನೌಕರಿಯಲ್ಲಿದ್ದ ಆರ್. ಉಮಾದೇವಿಯವರು 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಂಥ ಕಡೆ ಸರಿಯಾದ ಮೇಜು, ಬಲ್ಲ ಗುರು, ನಿಯತವಾದ ಪಂದ್ಯಗಳು ಒಂದೇ ಸೂರಿನಡಿ ದೊರೆತುದು ಬೆಂಗಳೂರಿನ ಆಟಗಾರರ ಭಾಗ್ಯ.

ಎರಡನೆಯ ಪಾಠಕ್ಕೆ ಕೊಡಗಿನವರು ಹೊರಗೆ ಹೋಗಬೇಕಾದುದೂ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಾಗ ಸೇರಿದುದು 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಉತ್ಸವದಲ್ಲಿ 360 ತಂಡಗಳು ಸೇರಿ ವಿಶ್ವದಾಖಲೆಯಾಯಿತು. ಅಜ್ಜ, ಮಗ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಆ ಮೈದಾನಕ್ಕೆ ಸದಸ್ಯತ್ವದ ಚೀಟಿಯಿಲ್ಲ. ಮನೆತನದ ಹೆಸರಿದ್ದರೆ ಸಾಕು. ಕೊಡಗು ಭಾರತಕ್ಕೆ ಅಷ್ಟೊಂದು ಹಾಕಿ ಆಟಗಾರರನ್ನು ಕೊಟ್ಟುದರ ಗುಟ್ಟು ರಕ್ತದಲ್ಲಿದೆಯೆನ್ನುವವರಿದ್ದಾರೆ. ಬಯಲು ಎಲ್ಲರಿಗೂ ತೆರೆದಿದ್ದುದರಲ್ಲಿಯೂ ಅದು ಅಡಗಿದೆಯೆಂಬುದನ್ನು ಮರೆಯಬಾರದು.

ಹಸುರು ಮೇಜಿಗೂ ಅಂಥ ಭಾಗ್ಯ ಬರಲು ದೊಡ್ಡ ಹಣವೇನೂ ಬೇಕಿಲ್ಲ. ವಾರದಲ್ಲಿ ಎರಡು ಮಧ್ಯಾಹ್ನ ಖಾಲಿ ಬಿದ್ದಿರುವ ಬಿಲಿಯರ್ಡ್ಸ್ ಕೋಣೆಯನ್ನು ಸುತ್ತಲಿನ ಶಾಲೆಗಳ ಹತ್ತಾರು ಹುಡುಗ ಹುಡುಗಿಯರಿಗೆ ತೆರೆಯಬಹುದು. ಹಳೆಯ ಮಾರ್ಕರನಿಗೆ ಅವರನ್ನು ಒಪ್ಪಿಸಬಹುದು. ಹೊಡೆಯುವುದಕ್ಕೆ ಮೊದಲು ಗುಡಿಸುವುದನ್ನೂ ಇಸ್ತ್ರಿ ಎಳೆಯುವುದನ್ನೂ ಆತ ಕಲಿಸಲಿ. ಹಾಗೆ ಕಲಿತ ಹುಡುಗರು ಪೇಟೆಯ ಪಾರ್ಲರಿಗೆ ಹೋದಾಗ ಅಲ್ಲಿಯ ಮಾಲೀಕನನ್ನು ತಾವಾಗಿಯೇ ಕೇಳುವರು – ಮೇಜಿನ ಮಟ್ಟ ನೋಡಿಸಿ ಎಷ್ಟು ದಿನವಾಯಿತೆಂದು. ಕೇಳುವ ಗಿರಾಕಿಯಿದ್ದರೆ ಸರಿಪಡಿಸುವ ವ್ಯಾಪಾರಿಯೂ ಇರುತ್ತಾನೆ. ಬಳಕೆಯಿಂದ ಕ್ಲಬ್ಬಿನ ಮೇಜಿಗೂ ಬೂಷ್ಟು ತಪ್ಪುತ್ತದೆ.

ಮಳೆ ಕೊಡಗಿನಲ್ಲಿ ವರ್ಷವರ್ಷವೂ ಬರುತ್ತದೆ, ಬರಲೇಬೇಕು. ಕಾವೇರಿಗೆ ನೀರು, ಕಾಫಿಗೆ ಜೀವ ಅದರಿಂದಲೇ. ಆ ನಾಲ್ಕು ತಿಂಗಳು ಮನೆಯೊಳಗೆ ಕೂರುವ ಮಕ್ಕಳ ಕೈಗೆ ಒಂದು ನೇರವಾದ ಕೋಲು, ಕಣ್ಣೆದುರಿಗೆ ಒಂದು ಸಮನಾದ ಮೇಜು ದೊರೆತರೆ, ಮಳೆಗಾಲದ ಬೇಸರದಿಂದ ಒಮ್ಮೆ ಹುಟ್ಟಿದ ಆಟಕ್ಕೆ ಈ ಬೆಟ್ಟಗಳಲ್ಲಿ ಇನ್ನೊಮ್ಮೆ ಒಳ್ಳೆಯ ಕಾಲ ಬರಬಾರದೇಕೆ?